ಗಲ್ಲಾ ಮೇಲೆ ಎರಡನೇ ಫೋನ್ ಯಾಕೆ ಬೇಕಾಯಿತು?

ಓದುಗರ ಪ್ರಶ್ನೆ: ಕುಂದಾಪುರದ ಹತ್ತಿರ ಹೆದ್ದಾರಿ ಪಕ್ಕ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ದಿನಕ್ಕೆ ಎಪ್ಪತ್ತು ಎಂಬತ್ತು ಕರೆ ಮಾಡುತ್ತೇನೆ. ನನ್ನ ಕಂಪನಿಯದೇ ಸಿಮ್ ಇರುವವರಿಗೆ ಸಲೀಸಾಗಿ ಹೋಗುತ್ತದೆ. ಬೇರೊಂದು ಕಂಪನಿಯ ನಂಬರಿಗೆ, ಅದೂ ಸಂಜೆ ಆರರಿಂದ ಎಂಟರ ಒಳಗೆ, ಮೂರು ಸಲ ಮಾಡಿದರೆ ಒಂದು ಸಲವಾದರೂ ‘ಎಲ್ಲಾ ಲೈನ್‌ಗಳೂ ಕಾರ್ಯನಿರತವಾಗಿವೆ’ ಎಂಬ ದನಿ ಬರುತ್ತದೆ. ಅದಕ್ಕೆಂದೇ ಗಲ್ಲಾ ಮೇಲೆ ಎರಡನೇ ಫೋನ್ ಇಟ್ಟುಕೊಂಡಿದ್ದೇನೆ. ಒಂದು ಕಂಪನಿ ಇನ್ನೊಂದಕ್ಕೆ ನಿಮಿಷಕ್ಕೆ 6 ಪೈಸೆ ಕೊಡಬೇಕು, ಅದನ್ನು ಉಳಿಸೋಕೆ ಬೇಕಂತಲೇ ಕಟ್ ಮಾಡುತ್ತಾರೆ ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. 2019ರಲ್ಲಿ ಆ 6 ಪೈಸೆಯನ್ನು ನಾನೇ ಕಟ್ಟಿದ್ದೇನೆ. ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಇನ್ನೊಂದು ವಿಷಯ. ಮಗ ದುಬೈನಲ್ಲಿದ್ದಾನೆ. ಅವನ ಕರೆ ಕೆಲವೊಮ್ಮೆ ನಮ್ಮ ದೇಶದ್ದೇ ಯಾವುದೋ 10 ಅಂಕಿಯ ನಂಬರಿನಿಂದ ಬರುತ್ತದೆ. ವಾಪಸ್ ಮಾಡಿದರೆ ಯಾರೂ ಎತ್ತುವುದಿಲ್ಲ. ಇದರಲ್ಲಿ ಮೋಸ ಇದೆಯಾ? ನಾನು ಕಂಪನಿ ಬದಲಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೋಗದ ಕರೆ, ಮಾಯವಾದ 6 ಪೈಸೆ, ದುಬೈ ಕರೆಗೆ ಬರುವ ಇಲ್ಲಿನ ನಂಬರು. ನೋಡಲು ಇವು ಮೂರು ಬೇರೆ ಬೇರೆ ದೂರುಗಳು. ಆದರೆ ಮೂರೂ ಒಂದೇ ಜಾಗದಲ್ಲಿ ಹುಟ್ಟುತ್ತವೆ. ಒಂದು ಕಂಪನಿಯ ಜಾಲ ಮುಗಿದು ಇನ್ನೊಂದರ ಜಾಲ ಶುರುವಾಗುವ ಗಡಿ ಅದು. ಬೆಂಗಳೂರಿನಲ್ಲಿ ಹಲವು ವರ್ಷ ನಾನು ಆ ಗಡಿಯಲ್ಲೇ ಕೆಲಸ ಮಾಡಿದವನು. ಕಂಪನಿ ಕಂಪನಿಗಳ ನಡುವಿನ ಲೈನು ಮತ್ತು ಲೆಕ್ಕ ನೋಡಿಕೊಳ್ಳುವ ವಿಭಾಗ. ನಾವು ಅದನ್ನು ಇಂಟರ್‌ಕನೆಕ್ಟ್ ಅಂತಲೇ ಕರೆಯುತ್ತಿದ್ದೆವು.

ಮೊದಲು ನಿಮ್ಮ ಪಕ್ಕದ ಅಂಗಡಿಯವರ ಮಾತಿಗೆ ಬರುತ್ತೇನೆ. ಇವತ್ತಿಗೆ ಅದು ಸರಿಯಲ್ಲ. 2021ರ ಜನವರಿ 1ರಿಂದ ದೇಶದೊಳಗಿನ ಮೊಬೈಲ್ ಕರೆಗೆ ಒಂದು ಕಂಪನಿ ಇನ್ನೊಂದಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಹಾಗಾಗಿ ಉಳಿಸಲು 6 ಪೈಸೆಯೇ ಇಲ್ಲ. ಆದರೂ ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆ ಪೈಸೆ ಇದ್ದಾಗ ಕಂಪನಿಗಳು ಅದಕ್ಕಾಗಿ ಎಷ್ಟು ಜಗಳವಾಡಿದವು ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ?

ನಿಮ್ಮ ಕರೆ ಹೋಗುವ ದಾರಿಯನ್ನು ಸ್ವಲ್ಪ ನೋಡೋಣ. ನೀವು ನಂಬರ್ ಒತ್ತಿದ ಕೂಡಲೇ ಫೋನು ಹತ್ತಿರದ ಟವರಿಗೆ ಮಾತನಾಡುತ್ತದೆ. ಟವರಿನಿಂದ ಕರೆ ನಿಮ್ಮ ಕಂಪನಿಯ ಸ್ವಿಚ್‌ಗೆ, ಅಂದರೆ ಕರೆಗಳಿಗೆ ದಾರಿ ತೋರಿಸುವ ಯಂತ್ರಕ್ಕೆ ಹೋಗುತ್ತದೆ. ಈ ನಂಬರು ಯಾವ ಕಂಪನಿಯದು ಎಂದು ಸ್ವಿಚ್ ನೋಡಬೇಕು. 2011ರ ಜನವರಿಯಲ್ಲಿ ದೇಶದ ತುಂಬ ಪೋರ್ಟಿಂಗ್, ಅಂದರೆ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ, ಬಂದ ಮೇಲೆ ಮೊದಲ ನಾಲ್ಕು ಅಂಕಿ ನೋಡಿ ಕಂಪನಿ ಹೇಳಲಾಗುವುದಿಲ್ಲ, ಅದಕ್ಕೊಂದು ಪಟ್ಟಿ ನೋಡಲೇಬೇಕು. ನಂಬರು ತನ್ನದೇ ಗಿರಾಕಿಯದಾದರೆ ಕರೆ ಒಳಗೊಳಗೇ ಮುಗಿಯಿತು. ಬೇರೆಯವರದಾದರೆ ಎರಡು ಕಂಪನಿಗಳ ಸ್ವಿಚ್‌ಗಳನ್ನು ಜೋಡಿಸಿರುವ ಲೈನಿನ ಮೇಲೆ ಅದನ್ನು ದಾಟಿಸಬೇಕು. ಆ ಜೋಡಣೆಯ ಜಾಗಕ್ಕೆ ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್ ಎಂದು ಹೆಸರು. ಕಚೇರಿಯಲ್ಲಿ ಎಲ್ಲರೂ ಪಿಒಐ ಎನ್ನುತ್ತಾರೆ. ಈ ಜಾಗ ನಿಮ್ಮ ಊರಲ್ಲಿ ಇರುವುದಿಲ್ಲ. ನಿಮ್ಮ ಎದುರು ಅಂಗಡಿಯವರಿಗೆ ಮಾಡಿದ ಕರೆಯೂ ಬೆಂಗಳೂರಿನ ತನಕ ಹೋಗಿ ವಾಪಸ್ ಬಂದಿರಬಹುದು.

ಪಿಒಐ ಅನ್ನುವುದು ಸೇತುವೆ ಇದ್ದ ಹಾಗೆ, ಅದಕ್ಕೊಂದು ಅಗಲ ಇರುತ್ತದೆ. ನಾನು ಕೆಲಸದಲ್ಲಿದ್ದಾಗ ಇ1 ಲೆಕ್ಕದಲ್ಲಿ ಅಳೆಯುತ್ತಿದ್ದೆವು. ಒಂದು ಇ1 ಲೈನಿನ ಮೇಲೆ ಒಂದೇ ಹೊತ್ತಿಗೆ 30 ಕರೆ ನಡೆಯಬಹುದು. ನೂರು ಇ1 ಇದ್ದರೆ ಮೂರು ಸಾವಿರ ಕರೆ. ಮೂರು ಸಾವಿರದ ಒಂದನೆಯವರಿಗೆ ಜಾಗ ಇಲ್ಲ. ಅವರ ಫೋನಿನಲ್ಲಿ ಸಿಗ್ನಲ್ ಪೂರ್ತಿ ಇರುತ್ತದೆ, ಕರೆ ಮುಟ್ಟಬೇಕಾದ ಮನುಷ್ಯ ಫೋನ್ ಕೈಯಲ್ಲೇ ಹಿಡಿದು ಕೂತಿರುತ್ತಾರೆ, ಆದರೂ ಕರೆ ಹೋಗುವುದಿಲ್ಲ. ನಿಮಗೆ ಕೇಳಿಸುವ ಆ ‘ಎಲ್ಲಾ ಲೈನ್‌ಗಳೂ ಕಾರ್ಯನಿರತ’ ಅನ್ನುವ ದನಿಗೆ ಇದೂ ಒಂದು ಕಾರಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮಾಡಿದ ನಿಯಮದ ಪ್ರಕಾರ ಪಿಒಐನಲ್ಲಿ ಜಾಗ ಸಿಗದೆ ಬಿದ್ದುಹೋಗುವ ಕರೆ 0.5 ಶೇಕಡಾ ದಾಟಬಾರದು. ಅಂದರೆ ಸಾವಿರಕ್ಕೆ ಐದು. ನೀವು ಹೇಳುವಂತೆ ಮೂರಕ್ಕೆ ಒಂದು ಬೀಳುವುದು ಸಹಜವಂತೂ ಅಲ್ಲ.

ಈ ಸೇತುವೆ ಅಗಲ ಮಾಡಬೇಕು ಅಂದರೆ ಎರಡೂ ಕಂಪನಿ ಒಪ್ಪಬೇಕು. ಸಮಸ್ಯೆ ಇರುವುದೇ ಇಲ್ಲಿ. ಬೇರೆ ಯಾವ ವ್ಯಾಪಾರದಲ್ಲೂ ನೀವು ಸರಕು ಮಾರಲು ಪ್ರತಿಸ್ಪರ್ಧಿಯ ಸಹಾಯ ಬೇಕಾಗುವುದಿಲ್ಲ. ನೀವು ಮಾರಿದ ಪೈಪು ಗಿರಾಕಿಯ ಮನೆ ಮುಟ್ಟಬೇಕಾದರೆ ಪಕ್ಕದ ಹಾರ್ಡ್‌ವೇರ್ ಅಂಗಡಿಯವರ ಗೋಡೌನ್ ಮೂಲಕವೇ ಹೋಗಬೇಕು ಅನ್ನುವ ಪರಿಸ್ಥಿತಿಯನ್ನು ಯೋಚಿಸಿ. ಟೆಲಿಫೋನ್ ವ್ಯಾಪಾರ ದಿನವೂ ನಡೆಯುವುದು ಹಾಗೆಯೇ. ಹೊಸದಾಗಿ ಬಂದ ಕಂಪನಿಯ ಹತ್ತು ಗಿರಾಕಿಗಳಲ್ಲಿ ಒಂಬತ್ತು ಜನ ಹಳೆಯ ಕಂಪನಿಗಳ ನಂಬರಿಗೇ ಫೋನ್ ಮಾಡುತ್ತಾರೆ. ಹಳೆಯವರು ಸೇತುವೆ ಕಿರಿದಾಗಿಟ್ಟರೆ ಸಾಕು, ಹೊಸಬನ ಸಿಮ್ ಸರಿಯಿಲ್ಲ ಎಂದು ಗಿರಾಕಿಯೇ ತೀರ್ಮಾನ ಮಾಡಿಬಿಡುತ್ತಾನೆ.

ನಿಮ್ಮ ಗಲ್ಲಾ ಮೇಲಿನ ಎರಡು ಫೋನಿನ ಮಾತು ಓದಿದಾಗ ನನಗೆ ಹಳೆಯ ಅಮೆರಿಕ ನೆನಪಾಯಿತು. 1890ರ ದಶಕದಲ್ಲಿ ಬೆಲ್ ಕಂಪನಿಯ ಪೇಟೆಂಟ್ ಮುಗಿದ ಮೇಲೆ ಅಲ್ಲಿ ಊರೂರಿಗೂ ಹೊಸ ಟೆಲಿಫೋನ್ ಕಂಪನಿಗಳು ಹುಟ್ಟಿಕೊಂಡವು. ಒಂದರ ಲೈನಿನಿಂದ ಇನ್ನೊಂದಕ್ಕೆ ಮಾತನಾಡಲು ಆಗುತ್ತಿರಲಿಲ್ಲ. ಎಲ್ಲ ಗಿರಾಕಿಗಳೂ ಸಿಗಬೇಕೆಂದರೆ ಅಂಗಡಿಯವರು ಎರಡು ಕಂಪನಿಯ ಎರಡು ಫೋನ್ ಇಡಬೇಕಿತ್ತು, ಎರಡಕ್ಕೂ ಬಾಡಿಗೆ ಕಟ್ಟಬೇಕಿತ್ತು. ಸರ್ಕಾರದ ಒತ್ತಡ ಜೋರಾದಾಗ, 1913ರಲ್ಲಿ, ಎಟಿ ಅಂಡ್ ಟಿ ತನ್ನ ದೂರದ ಲೈನುಗಳನ್ನು ಸ್ವತಂತ್ರ ಕಂಪನಿಗಳಿಗೂ ಜೋಡಿಸಲು ಒಪ್ಪಿಕೊಂಡಿತು. ನಮ್ಮಲ್ಲಿ ಈ ಕೆಲಸವನ್ನು ಕಾನೂನೇ ಮಾಡಿತು. 1997ರ ಟ್ರಾಯ್ ಕಾಯ್ದೆ ಕಂಪನಿಗಳ ನಡುವಿನ ಜೋಡಣೆಯ ಷರತ್ತು ನಿಗದಿ ಮಾಡುವ ಅಧಿಕಾರವನ್ನು ಟ್ರಾಯ್‌ಗೆ ಕೊಟ್ಟಿದೆ. ಕಂಪನಿಗಳ ಜಗಳ ಕೇಳಲು 2000ದಲ್ಲಿ ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿ ಬಂತು.

ಕಾನೂನು ಇದ್ದೂ ಜಗಳ ತಪ್ಪಲಿಲ್ಲ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯಿತು, ಮಾತು ಪುಕ್ಕಟೆ ಎಂದಿತು. ಆಗ ಜಿಯೋ ಸಿಮ್ ಇದ್ದವರಿಗೆ ನೆನಪಿರುತ್ತದೆ, ಬೇರೆ ಕಂಪನಿಯ ನಂಬರಿಗೆ ಕರೆ ಹೋಗುವುದೇ ಕಷ್ಟವಾಗಿತ್ತು. ಹಳೆಯ ಕಂಪನಿಗಳು ಸಾಕಷ್ಟು ಪೋರ್ಟ್, ಅಂದರೆ ಪಿಒಐನಲ್ಲಿ ಲೈನ್ ಜೋಡಿಸುವ ಜಾಗ, ಕೊಡುತ್ತಿಲ್ಲ ಎಂದು ಜಿಯೋ ದೂರಿತು. ಪುಕ್ಕಟೆ ಕರೆಯ ಪ್ರವಾಹ ಒಮ್ಮೆಗೇ ಬಂದರೆ ನಾವೇನು ಮಾಡೋಣ ಎಂದು ಹಳೆಯವರು ಕೇಳಿದರು. ಅಕ್ಟೋಬರ್ 21ರಂದು ಟ್ರಾಯ್ ಮೂರು ಕಂಪನಿಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡಕ್ಕೆ ಶಿಫಾರಸು ಮಾಡಿತು. ಏರ್‌ಟೆಲ್ ಮತ್ತು ವೊಡಾಫೋನ್‌ಗೆ ತಲಾ 1,050 ಕೋಟಿ, ಐಡಿಯಾಗೆ 950 ಕೋಟಿ. ಕಂಪನಿಗಳು ತಪ್ಪು ಒಪ್ಪಲಿಲ್ಲ. ದೂರಸಂಪರ್ಕ ಇಲಾಖೆ ದಂಡದ ನೋಟಿಸ್ ಕೊಡುವಷ್ಟರಲ್ಲಿ 2021ರ ಸೆಪ್ಟೆಂಬರ್ ಬಂತು, ಟಿಡಿಸ್ಯಾಟ್ ಅದಕ್ಕೆ ತಡೆ ಕೊಟ್ಟಿತು.

ನನಗೆ ಇದರಲ್ಲಿ ಬೇಸರದ ಸಂಗತಿ ದಂಡದ ಮೊತ್ತವಲ್ಲ, ಹಿಡಿದ ಸಮಯ. ಕರೆ ಬಿದ್ದುಹೋಗಿದ್ದು ಕೆಲವು ತಿಂಗಳು. ನೋಟಿಸ್ ಬರಲು ಐದು ವರ್ಷ. ಆ ದಿನಗಳಲ್ಲಿ ಆಸ್ಪತ್ರೆಗೆ ಫೋನ್ ಹಚ್ಚಿ ಸಿಗದವರಿಗೆ, ಆರ್ಡರ್ ಕಳೆದುಕೊಂಡ ನಿಮ್ಮಂಥ ವ್ಯಾಪಾರಸ್ಥರಿಗೆ ಇದರಿಂದ ಬಂದದ್ದೇನೂ ಇಲ್ಲ. ಒಂದು ಒಳ್ಳೆಯದು ಮಾತ್ರ ಆಯಿತು. 2018ರ ಫೆಬ್ರವರಿ 1ರಿಂದ ಹೊಸ ಇಂಟರ್‌ಕನೆಕ್ಷನ್ ನಿಯಮಗಳು ಜಾರಿಗೆ ಬಂದವು. ಒಂದು ಕಂಪನಿ ಕೇಳಿದರೆ ಇನ್ನೊಂದು 30 ದಿನದೊಳಗೆ ಒಪ್ಪಂದ ಮಾಡಿಕೊಳ್ಳಬೇಕು. ಎಲ್ಲರಿಗೂ ಒಂದೇ ಷರತ್ತು. ತಪ್ಪಿದರೆ ಒಂದೊಂದು ಸರ್ಕಲ್‌ಗೆ ದಿನಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕ ಅಂಥ ಒಂದು ಸರ್ಕಲ್.

ಇನ್ನು ಆ 6 ಪೈಸೆಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಾಸ್ತಿ ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ.

1995ರ ಜುಲೈ 31ಕ್ಕೆ ದೇಶದ ಮೊದಲ ಮೊಬೈಲ್ ಕರೆ ಆಯಿತು. ಮೊದಮೊದಲು ನಮಗೆ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. ಕರೆ ಬಂದರೆ ನಂಬರು ನೋಡಿ ಕಟ್ ಮಾಡಿ, ಹತ್ತಿರದ ಎಸ್‌ಟಿಡಿ ಬೂತಿಗೆ ಓಡುತ್ತಿದ್ದವರು ಎಷ್ಟೋ ಜನ. 2003ರಲ್ಲಿ ಲೆಕ್ಕ ಬದಲಾಯಿತು. ಕರೆ ಮಾಡಿದವರೇ ದುಡ್ಡು ಕೊಡಬೇಕು, ಬಂದ ಕರೆ ಉಚಿತ. ಹಾಗಾದರೆ ಕರೆ ಮುಟ್ಟಿಸಿದ ಕಂಪನಿಗೆ ಖರ್ಚು ಯಾರು ಕೊಡುತ್ತಾರೆ? ಕರೆ ಹುಟ್ಟಿದ ಕಂಪನಿ ತನ್ನ ಗಿರಾಕಿಯಿಂದ ವಸೂಲು ಮಾಡಿದ್ದರಲ್ಲಿ ಒಂದು ಪಾಲು ಕೊಡಬೇಕು. ಈ ಪಾಲಿಗೆ ಟರ್ಮಿನೇಷನ್ ಚಾರ್ಜ್ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಐಯುಸಿ ಆಯಿತು.

2004ರ ಫೆಬ್ರವರಿಯಿಂದ ಅದು ನಿಮಿಷಕ್ಕೆ 30 ಪೈಸೆ. 2009ರ ಏಪ್ರಿಲ್‌ನಿಂದ 20. 2015ರ ಮಾರ್ಚ್‌ನಿಂದ ಮೊಬೈಲಿಂದ ಮೊಬೈಲಿಗೆ 14, ಲ್ಯಾಂಡ್‌ಲೈನ್ ಸೇರಿದ ಕರೆಗಳಿಗೆ ಸೊನ್ನೆ. 2017ರ ಅಕ್ಟೋಬರ್ 1ರಿಂದ 6 ಪೈಸೆ. 2020ರ ಜನವರಿಯಿಂದ ಸೊನ್ನೆ ಎಂದು ಟ್ರಾಯ್‌ನವರು ಆಗಲೇ ಹೇಳಿದ್ದರು, ಆಮೇಲೆ ಒಂದು ವರ್ಷ ಮುಂದೂಡಿದರು.

ಆ ದಿನಗಳ ನನ್ನ ಕೆಲಸ ಹೇಗಿತ್ತೆಂದರೆ, ತಿಂಗಳ ಕೊನೆಗೆ ಎರಡೂ ಕಂಪನಿಗಳ ಕರೆ ದಾಖಲೆಗಳನ್ನು ಎದುರುಬದುರು ಇಟ್ಟು ತಾಳೆ ನೋಡಬೇಕು. ಅವರು ಇಷ್ಟು ನಿಮಿಷ ಎನ್ನುತ್ತಾರೆ, ನಮ್ಮ ಲೆಕ್ಕ ಇಷ್ಟು ಎನ್ನುತ್ತದೆ. ಒಂದು ಸಲ ಎರಡು ಲೆಕ್ಕ ಹೊಂದುತ್ತಲೇ ಇಲ್ಲ. ನಾಲ್ಕು ದಿನ ಹುಡುಕಿದೆವು. ಕೊನೆಗೆ ನೋಡಿದರೆ ಒಂದು ಸ್ವಿಚ್‌ನ ಗಡಿಯಾರ ಕೆಲವು ನಿಮಿಷ ಹಿಂದೆ ಓಡುತ್ತಿತ್ತು. ತಿಂಗಳ ಕೊನೆಯ ರಾತ್ರಿ ಹನ್ನೆರಡು ದಾಟಿದ ಕೂಡಲೇ ಬಂದ ಕರೆಗಳೆಲ್ಲ ಅವರ ಲೆಕ್ಕದಲ್ಲಿ ಹಿಂದಿನ ತಿಂಗಳಿಗೆ, ನಮ್ಮದರಲ್ಲಿ ಮುಂದಿನ ತಿಂಗಳಿಗೆ ಬಿದ್ದಿದ್ದವು. ಒಂದು ಕರೆಗೆ ಬಿಡಿಗಾಸು ಅನಿಸುವ ದುಡ್ಡು ಕೋಟಿ ಕರೆ ಸೇರಿದಾಗ ಎಂಥ ಭಾರ ಅನ್ನುವುದು ನನಗೆ ಗೊತ್ತಾಗಿದ್ದು ಆಗ.

2019ರಲ್ಲಿ ನೀವು 6 ಪೈಸೆ ಕಟ್ಟಿದ್ದೇನೆ ಎಂದಿದ್ದೀರಿ. ಆ ವರ್ಷ ಅಕ್ಟೋಬರ್ 10ರಿಂದ ಜಿಯೋ ಬೇರೆ ಕಂಪನಿಗೆ ಹೋಗುವ ಕರೆಗೆ ನಿಮಿಷಕ್ಕೆ 6 ಪೈಸೆ ತೆಗೆದುಕೊಳ್ಳಲು ಶುರು ಮಾಡಿತು. ಮೂರು ವರ್ಷದಲ್ಲಿ ಬೇರೆ ಕಂಪನಿಗಳಿಗೆ ಸುಮಾರು 13,500 ಕೋಟಿ ಕೊಟ್ಟಿದ್ದೇನೆ, ಸೊನ್ನೆ ಆಗಬೇಕಿದ್ದ ದರವನ್ನು ಮುಂದೂಡುವ ಮಾತು ಬಂದಿದೆ, ಅದಕ್ಕೇ ಹೀಗೆ ಎಂದು ಹೇಳಿತು. ಹಾಗಾಗಿ ನೀವು ಆಗ ಕಟ್ಟಿದ ದರ ಕರೆ ಮುಟ್ಟಿಸಿದ ಕಂಪನಿಗೆ ಸಲ್ಲಬೇಕಿದ್ದ ದರವೇ. 2021ರ ಜನವರಿ 1ಕ್ಕೆ ಟ್ರಾಯ್ ಕಡೆಯಿಂದ ದರ ಸೊನ್ನೆಯಾಯಿತು, ನಿಮ್ಮ ರೀಚಾರ್ಜ್‌ನಿಂದಲೂ ಹೋಯಿತು. ಅಲ್ಲಿ ಕಳ್ಳತನ ಏನೂ ನಡೆದಿಲ್ಲ.

ಆದರೆ ಆ ಪೈಸೆ ಇರುವಾಗ ಕಂಪನಿಗಳ ನಡತೆ ಹೇಗೆ ಬದಲಾಯಿತು ನೋಡಿ. ನೀವು ಫೋನ್ ಮಾಡಿದರೆ ನಿಮ್ಮ ಕಂಪನಿ ದುಡ್ಡು ಕೊಡಬೇಕು. ಎದುರಿನವರು ವಾಪಸ್ ಮಾಡಿದರೆ ಅವರ ಕಂಪನಿ ಕೊಡಬೇಕು. ಹಾಗಾದರೆ ರಿಂಗು ಬೇಗ ನಿಂತುಬಿಟ್ಟರೆ? ಎದುರಿನವರು ಫೋನ್ ಎತ್ತುವ ಮೊದಲೇ ಅದು ಮಿಸ್ಡ್ ಕಾಲ್ ಆಗುತ್ತದೆ. ಅವರು ವಾಪಸ್ ಮಾಡುತ್ತಾರೆ. ಹಣದ ದಿಕ್ಕೇ ತಿರುಗುತ್ತದೆ. 2019ರಲ್ಲಿ ಮೊದಲು ಜಿಯೋ, ಅದನ್ನು ನೋಡಿ ಬೇರೆಯವರು ರಿಂಗಿನ ಹೊತ್ತು ಇಳಿಸಿದರು. ಮೊದಲು 45 ಸೆಕೆಂಡ್ ಆಸುಪಾಸು ಇದ್ದದ್ದು 20, 25ಕ್ಕೆ ಬಂತು. ಅಡುಗೆಮನೆಯಿಂದ ಅಜ್ಜಿ ಬಂದು ಫೋನ್ ಎತ್ತುವಷ್ಟು ಹೊತ್ತೂ ಇಲ್ಲ. ಕೊನೆಗೆ ನವೆಂಬರ್ 1ಕ್ಕೆ ಟ್ರಾಯ್ ಆದೇಶ ಹೊರಡಿಸಿತು. ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60 ಸೆಕೆಂಡ್ ರಿಂಗ್ ಆಗಲೇಬೇಕು. ನಿಮ್ಮ ಪಕ್ಕದವರ ಮಾತಿಗೆ ಮೂಲ ಈ ಜಗಳವೇ ಇರಬೇಕು.

ಅಮೆರಿಕದಲ್ಲೂ ಇಂಥದ್ದೇ ಆಗಿದೆ. ಅಲ್ಲಿ 1996ರ ಕಾನೂನು ಕಂಪನಿಗಳು ಪರಸ್ಪರ ಕರೆ ಮುಟ್ಟಿಸಿದ್ದಕ್ಕೆ ಹಣ ಕೊಡಬೇಕೆಂದಿತು. ಆಗ ಡಯಲ್‌ಅಪ್ ಇಂಟರ್ನೆಟ್ ಕಾಲ. ಇಂಟರ್ನೆಟ್ ಕಂಪನಿಗೆ ಕರೆ ಬರುವುದಷ್ಟೇ, ಅಲ್ಲಿಂದ ಹೊರಗೆ ಹೋಗುವುದಿಲ್ಲ, ಬಂದದ್ದು ಗಂಟೆಗಟ್ಟಲೆ ನಡೆಯುತ್ತದೆ. ಕೆಲವು ಹೊಸ ಟೆಲಿಫೋನ್ ಕಂಪನಿಗಳು ಅಂಥ ಗಿರಾಕಿಗಳನ್ನೇ ಹುಡುಕಿ ಹಿಡಿದವು. ಮುಂದೆ ಅಯೋವಾ ರಾಜ್ಯದ ಹಳ್ಳಿಗಳ ಪುಟ್ಟ ಟೆಲಿಫೋನ್ ಕಂಪನಿಗಳು ಉಚಿತ ಕಾನ್ಫರೆನ್ಸ್ ನಂಬರುಗಳನ್ನು ತಮ್ಮಲ್ಲಿಟ್ಟು, ದೇಶದ ತುಂಬ ಜನ ಅಲ್ಲಿಗೆ ಫೋನ್ ಮಾಡುವಂತೆ ಮಾಡಿದವು. ಹಳ್ಳಿಯ ಲೈನಿಗೆ ದರ ಜಾಸ್ತಿ, ಒಂದೊಂದು ನಿಮಿಷಕ್ಕೂ ಆದಾಯ. 2011ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯೂ ಸೊನ್ನೆ ದರದ ದಾರಿಗೇ ಬಂತು.

ಈ ಸೊನ್ನೆ ದರ ಅಂದರೆ ಖರ್ಚೇ ಇಲ್ಲ ಅಂತ ತಿಳಿಯಬೇಡಿ. ಖರ್ಚು ಇದ್ದೇ ಇದೆ. ಪ್ರತಿ ಕಂಪನಿಯೂ ತನ್ನ ಖರ್ಚನ್ನು ತನ್ನ ಗಿರಾಕಿಗಳ ರೀಚಾರ್ಜ್‌ನಿಂದಲೇ ತೆಗೆಯಬೇಕು, ಇನ್ನೊಬ್ಬರ ಹತ್ತಿರ ಕೇಳುವಂತಿಲ್ಲ, ಅಷ್ಟೇ ಅದರ ಅರ್ಥ. ನನ್ನ ಅಭಿಪ್ರಾಯ ಕೇಳಿದರೆ ಸೊನ್ನೆ ಮಾಡಿದ್ದು ಸರಿ. ನಿಮಿಷದ ಲೆಕ್ಕದಲ್ಲಿ ಇನ್ನೊಬ್ಬರಿಗೆ ಕೊಡುವ ಹಣ ಇದ್ದರೆ ಎಷ್ಟು ಬೇಕಾದರೂ ಮಾತಾಡಿ ಎನ್ನುವ ಪ್ಯಾಕ್ ನಿಲ್ಲುವುದು ಕಷ್ಟ. ಆದರೆ ಮೊದಲೇ ಹೇಳಿದ ತಾರೀಕನ್ನು ಒಂದು ವರ್ಷ ಮುಂದೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಒಳಬರುವ ಮತ್ತು ಹೊರಹೋಗುವ ಕರೆಗಳು ಇನ್ನೂ ಸಮವಾಗಿಲ್ಲ ಎಂಬ ಕಾರಣ ಕೊಟ್ಟರು. ಹೇಳಿದ ತಾರೀಕು ನಂಬಿ ದರ ಇಟ್ಟವರಿಗೆ ಅದರಿಂದ ಪೆಟ್ಟು. ಕಡೆಗೆ ಅದನ್ನು ಕಟ್ಟಿದವರು ನೀವು.

ಸೊನ್ನೆಗೆ ಒಂದು ಅಡ್ಡ ಪರಿಣಾಮವೂ ಇದೆ. ಇದರ ಬಗ್ಗೆ ಹೊರಗೆ ಮಾತು ಕಡಿಮೆ. ಹಿಂದೆ ಬೇರೆ ಕಂಪನಿಯಿಂದ ಕರೆ ಬಂದರೆ ಆದಾಯ. ಈಗ ಆ ಕರೆ ಬರೀ ಹೊರೆ. ಹಾಗಿರುವಾಗ ಸಂಜೆಯ ದಟ್ಟಣೆಗೆ ಇನ್ನಷ್ಟು ಪೋರ್ಟ್ ಹಾಕಿ ಎಂದರೆ ಯಾರಿಗೆ ಉತ್ಸಾಹ ಇರುತ್ತದೆ? ಅದಕ್ಕಾಗಿಯೇ 2018ರ ನಿಯಮಗಳ ಮೇಲೆ ಟ್ರಾಯ್ ಕಣ್ಣಿಡುವುದು ಈಗ ಹಿಂದಿಗಿಂತ ಜಾಸ್ತಿ ಬೇಕಾಗಿದೆ. ಪೈಸೆ ಹೋಯಿತು, ಇನ್ನು ನೋಡುವುದೇನಿದೆ ಎಂದು ಕೈಬಿಡುವ ವಿಷಯ ಇದಲ್ಲ.

ಈಗ ಮಗನ ಕರೆಗೆ ಬರುತ್ತೇನೆ. ನನಗೆ ಹೆಚ್ಚು ಚಿಂತೆ ಆಗಿದ್ದು ನಿಮ್ಮ ಪತ್ರದ ಈ ಭಾಗ ಓದಿ.

ದೇಶದೊಳಗೆ ದರ ಸೊನ್ನೆಯಾಯಿತು. ಹೊರದೇಶದಿಂದ ಬರುವ ಕರೆಗೆ ಹಾಗಲ್ಲ. 2020ರ ಮೇ 1ರಿಂದ ಅಂಥ ಕರೆಯನ್ನು ಮುಟ್ಟಿಸಿದ ಕಂಪನಿಗೆ ನಿಮಿಷಕ್ಕೆ 35ರಿಂದ 65 ಪೈಸೆಯೊಳಗೆ ಒಂದು ದರ ಸಿಗಬೇಕು. ಒಂದೇ ಫೋನಿಗೆ, ಒಂದೇ ಟವರಿನಿಂದ ಬರುವ ಕರೆ. ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ 65 ಪೈಸೆಯ ತನಕ. ಇಷ್ಟು ವ್ಯತ್ಯಾಸ ಇದ್ದ ಕಡೆ ಕಳ್ಳದಾರಿ ಹುಟ್ಟುತ್ತದೆ. ದುಬೈನಿಂದ ಹೊರಟ ಕರೆಯನ್ನು ಇಂಟರ್ನೆಟ್ ಮೇಲೆ ನಮ್ಮ ದೇಶದ ಯಾವುದೋ ಬಾಡಿಗೆ ಕೋಣೆಗೆ ತರುತ್ತಾರೆ. ಅಲ್ಲಿ ಸಾಲು ಸಾಲು ಸಿಮ್ ತುಂಬಿದ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಸಿಮ್ ಬಾಕ್ಸ್ ಎನ್ನುತ್ತಾರೆ. ಆ ಪೆಟ್ಟಿಗೆಯ ಯಾವುದೋ ಒಂದು ಸಿಮ್‌ನಿಂದ ನಿಮಗೆ ಸ್ಥಳೀಯ ಕರೆ ಬರುತ್ತದೆ. ನಿಮ್ಮ ಫೋನಿನಲ್ಲಿ ಕಾಣುವುದು ಆ ಸಿಮ್‌ನ ನಂಬರು. ವಾಪಸ್ ಮಾಡಿದರೆ ಪೆಟ್ಟಿಗೆ ಎತ್ತುತ್ತದೆಯೇ?

ನಿಮ್ಮ ಮಗ ಮೋಸ ಮಾಡುತ್ತಿದ್ದಾನೆ ಎಂದಲ್ಲ. ಅವನಿಗೆ ಇದು ಗೊತ್ತೇ ಇರಲಾರದು. ಯುಎಇಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡುವುದಕ್ಕೆ ತಡೆ ಇದೆ. ಹಾಗಾಗಿ ಅಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ಕಡಿಮೆ ದುಡ್ಡಿನ ಕಾರ್ಡು, ಆ್ಯಪು ಹುಡುಕುವುದು ಸಹಜ. ಅಂಥ ಕಾರ್ಡು, ಆ್ಯಪು ನಡೆಸುವ ಕೆಲವರು ಕರೆಯನ್ನು ಕಳ್ಳದಾರಿಗೆ ಹಾಕುತ್ತಾರೆ. ಇದರ ಅಪಾಯ ಪೈಸೆಗಿಂತ ದೊಡ್ಡದು. ಕರೆ ನಿಜವಾಗಿ ಎಲ್ಲಿಂದ ಬಂತು ಎನ್ನುವುದೇ ಅಳಿಸಿಹೋಗುತ್ತದೆ. ಅದೇ ಪೆಟ್ಟಿಗೆಯಿಂದ ನಿಮಗೆ ಮಗನ ಕರೆ ಬರಬಹುದು, ಇನ್ನೊಬ್ಬರಿಗೆ ಬ್ಯಾಂಕಿನ ಹೆಸರಲ್ಲಿ ವಂಚಕರ ಕರೆ ಹೋಗಬಹುದು. ಅಪರಿಚಿತ ನಂಬರಿನಿಂದ ಮಗನ ದನಿ ಕೇಳಿ ಅಭ್ಯಾಸವಾದ ಅಪ್ಪನಿಗೆ ಮುಂದೊಂದು ದಿನ ಮಗನಂತೆ ಮಾತನಾಡುವ ಬೇರೆ ಯಾರೋ ದುಡ್ಡು ಕೇಳಿದರೆ ಅನುಮಾನವೇ ಬರುವುದಿಲ್ಲ.

ಮಗನಿಗೆ ಹೇಳಿ, ಅಲ್ಲಿನ ಟೆಲಿಕಾಂ ಕಂಪನಿಗಳೇ ಒಪ್ಪಿರುವ ಆ್ಯಪ್ ಬಳಸಲಿ, ಅಥವಾ ನೇರ ಅಂತರರಾಷ್ಟ್ರೀಯ ಕರೆಯ ಪ್ಯಾಕ್ ಹಾಕಿಸಲಿ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ನಿಜ. ಮುಂದೆ ಇಂಥ ನಂಬರಿನಿಂದ ಕರೆ ಬಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ತಿಳಿಸಿ. ಭಾರತದ ನಂಬರಿನಿಂದ ಬಂದ ಹೊರದೇಶದ ಕರೆ ಎಂದು ವರದಿ ಮಾಡಲು ಅಲ್ಲಿ ಬೇರೆಯೇ ಜಾಗ ಇದೆ. ಅದಕ್ಕಾಗಿ ಮಗನ ಮೇಲೆ ಯಾರೂ ಕೇಸ್ ಹಾಕುವುದಿಲ್ಲ, ಅವರಿಗೆ ಬೇಕಾದದ್ದು ಪೆಟ್ಟಿಗೆ ಎಲ್ಲಿದೆ ಅನ್ನುವುದು. ಹೆದ್ದಾರಿ ಪಕ್ಕದ ಅಂಗಡಿಯವರಾದ ನಿಮಗೆ ಇನ್ನೊಂದು ಎಚ್ಚರಿಕೆ. ಖಾಲಿ ಕೋಣೆ ಇದೆಯಾ, ಒಂದು ಮೆಷಿನ್ ಇಡುತ್ತೇವೆ, ಕರೆಂಟು ಮತ್ತು ಇಂಟರ್ನೆಟ್ ಇದ್ದರೆ ಸಾಕು, ಒಳ್ಳೆ ಬಾಡಿಗೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಅನ್ನಿ. 2023ರ ಟೆಲಿಕಾಂ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ದೂರವಾಣಿ ಸೇವೆ ನಡೆಸುವುದಕ್ಕೆ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಇದೆ.

ಇನ್ನು ಕಂಪನಿ ಬದಲಿಸುವ ಪ್ರಶ್ನೆ. ತಕ್ಷಣ ಬೇಡ. ಮೊದಲು ಕಾಯಿಲೆ ಯಾವುದು ಎಂದು ನೋಡೋಣ. ಒಂದು ವಾರ, ಸಂಜೆ ಆರರಿಂದ ಎಂಟರ ಒಳಗೆ, ಅಂಗಡಿಯಲ್ಲೇ ಕೂತು ಹತ್ತು ಕರೆ ನಿಮ್ಮದೇ ಕಂಪನಿಯ ನಂಬರುಗಳಿಗೆ, ಹತ್ತು ಕರೆ ಆ ಇನ್ನೊಂದು ಕಂಪನಿಗೆ, ಹತ್ತು ಮೂರನೇ ಕಂಪನಿಗೆ ಮಾಡಿ. ಹೊತ್ತು, ನಂಬರು, ಏನಾಯಿತು, ಮೂರನ್ನೂ ಚೀಟಿಯಲ್ಲಿ ಬರೆದಿಡಿ. ಎಲ್ಲ ಕಡೆಯೂ ಬೀಳುತ್ತಿದ್ದರೆ ತೊಂದರೆ ನಿಮ್ಮ ಟವರಿನದು. ಬೇರೆ ಬೇರೆ ಊರಿನಲ್ಲಿರುವ ಒಂದೇ ಕಂಪನಿಯವರಿಗೆ ಮಾತ್ರ ಬೀಳುತ್ತಿದ್ದರೆ ಸೇತುವೆಯ ಮೇಲೆ ಅನುಮಾನ ಪಡಬಹುದು. ಆ ಕಂಪನಿಯವರಲ್ಲೂ ಒಂದೇ ಊರಿನವರಿಗೆ ಮಾತ್ರ ಹೋಗದಿದ್ದರೆ ಅಲ್ಲಿನ ಟವರಿನಲ್ಲಿ ಜಾಗ ಇಲ್ಲ ಎಂದರ್ಥ. ಇತ್ತೀಚೆಗೆ ಪೋರ್ಟ್ ಆದ ಒಂದಿಬ್ಬರಿಗೆ ಮಾತ್ರ ತೊಂದರೆಯಾದರೆ ನಂಬರಿನ ಪಟ್ಟಿ ಹಳೆಯದಿರಬೇಕು, ಅದು ಒಂದು ದೂರಿಗೆ ಸರಿಹೋಗುತ್ತದೆ.

ಆ ಚೀಟಿ ಇಟ್ಟುಕೊಂಡು ನಿಮ್ಮ ಕಂಪನಿಯ ದೂರು ಕೇಂದ್ರದ ನಂಬರು 198ಕ್ಕೆ ಫೋನ್ ಮಾಡಿ. ಕರೆ ಹೋಗುತ್ತಿಲ್ಲ ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಇಂಥ ಕಂಪನಿಗೆ ಹೋಗುವ ಕರೆ ಇಂಥ ಹೊತ್ತಿನಲ್ಲಿ ಬೀಳುತ್ತಿದೆ, ಪಿಒಐನಲ್ಲಿ ದಟ್ಟಣೆ ಇದೆಯೇ ನೋಡಿ ಎಂದು ಹೇಳಿ. ದೂರಿನ ನಂಬರು ತೆಗೆದುಕೊಳ್ಳುವುದು ಮರೆಯಬೇಡಿ. ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ 30 ದಿನದೊಳಗೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ಅಲ್ಲಿಗೆ ಬರೆದು ಕಾಯುತ್ತಾರೆ. ಗ್ರಾಹಕ ಆಯೋಗದ ಬಾಗಿಲು ಮಾತ್ರ ತೆರೆದಿದೆ. ಟೆಲಿಕಾಂ ದೂರನ್ನೂ ಅಲ್ಲಿ ಕೊಂಡೊಯ್ಯಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆದರೆ ಬರೀ ಲೈನ್ ಬ್ಯುಸಿ ಎಂಬ ದೂರಿಗೆ ಅಷ್ಟು ದೂರ ಹೋಗಿ ಓಡಾಡುವುದು ನಿಮ್ಮ ಸಮಯಕ್ಕೆ ತಕ್ಕದ್ದಲ್ಲ ಎಂದೇ ನನಗೆ ಅನಿಸುತ್ತದೆ.

ಪೋರ್ಟ್ ಆಗಬಹುದು. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಇರುವ ಕಂಪನಿಗೇ ಹೋದರೆ ಆ ಕರೆಗಳು ಸೇತುವೆ ದಾಟುವ ಅಗತ್ಯವೇ ಇಲ್ಲ. ಆದರೆ ಹೋದ ಮೇಲೆ ಅದರ ಸಿಗ್ನಲ್ ನಿಮ್ಮ ಅಂಗಡಿಯೊಳಗೆ, ತಗಡಿನ ಮಾಡಿನ ಕೆಳಗೆ ಸಿಗುತ್ತದೆಯೇ ಮೊದಲು ಎರಡನೇ ಫೋನಿನಲ್ಲೇ ನೋಡಿಕೊಳ್ಳಿ. ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಹೊರಡಲಾಗುವುದಿಲ್ಲ. ಆ ಕಂಪನಿಯ ಹಣದ ಸ್ಥಿತಿಯೂ ಮುಖ್ಯ. ಏರ್‌ಸೆಲ್ 2018ರಲ್ಲಿ ದಿವಾಳಿಯಾಗುವ ಹೊತ್ತಿಗೆ ಐಯುಸಿ ಬಾಕಿಯ ಕಾರಣಕ್ಕೆ ಬೇರೆ ಕಂಪನಿಯೊಂದು ಅದರ ಲೈನ್ ಕಡಿದಿತ್ತು. ಕಂಪನಿ ಸೋಲುವಾಗ ಗಿರಾಕಿಗೆ ಮೊದಲು ಗೊತ್ತಾಗುವುದು ಹೀಗೆಯೇ, ಹೊರಗಿನ ಕರೆ ಹೋಗುವುದು ನಿಲ್ಲುತ್ತದೆ.

ವಾಟ್ಸ್‌ಆ್ಯಪ್ ಕರೆ ಪಿಒಐ ಮುಟ್ಟುವುದೇ ಇಲ್ಲ, ಇಂಟರ್ನೆಟ್ ಮೇಲೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಸದ್ಯಕ್ಕೆ ಅದು ಸುಲಭ ದಾರಿ. ಆದರೆ ನಿಮ್ಮ ಗಾರೆ ಕೆಲಸದವರು, ಪ್ಲಂಬರುಗಳಲ್ಲಿ ಎಷ್ಟು ಜನರ ಫೋನಿನಲ್ಲಿ ಸಂಜೆಯ ತನಕ ಡೇಟಾ ಉಳಿದಿರುತ್ತದೆ ಅನ್ನುವುದು ನಿಮಗೇ ಗೊತ್ತು.

ಹಾಗಾಗಿ ಗಲ್ಲಾ ಮೇಲಿನ ಎರಡನೇ ಫೋನು ಇನ್ನೊಂದು ತಿಂಗಳು ಅಲ್ಲೇ ಇರಲಿ. ಚೀಟಿ ಬರೆಯಿರಿ, 198ಕ್ಕೆ ದೂರು ಕೊಡಿ, ಎರಡು ವಾರ ಬಿಟ್ಟು ಅದೇ ಮೂವತ್ತು ಕರೆ ಮತ್ತೆ ಮಾಡಿ ನೋಡಿ. ಬೀಳುವ ಕರೆ ಕಡಿಮೆಯಾಗಿದ್ದರೆ ಎರಡನೇ ಸಿಮ್‌ನ ರೀಚಾರ್ಜ್ ನಿಲ್ಲಿಸಿ. ಆಗದಿದ್ದರೆ ಎರಡೂ ಚೀಟಿಯ ಫೋಟೋ ಜೊತೆ ಮೇಲ್ಮನವಿ ಹಾಕಿ, ನನಗೂ ಒಂದು ಪ್ರತಿ ಕಳಿಸಿ. ಆ ಅಂಕಿಗಳನ್ನು ನೋಡಿದರೆ ದಟ್ಟಣೆ ಯಾವ ಕಡೆಯದು ಎಂದು ನಾನೂ ನಿಮಗೆ ಇನ್ನಷ್ಟು ನಿಖರವಾಗಿ ಹೇಳಬಲ್ಲೆ.